ವಾಹನಗಳ ಸುರಕ್ಷತಾ ಹಿಂಪಡೆತ: ಫೋರ್ಡ್ ಎಕ್ಸ್‌ಪ್ಲೋರರ್ ಪ್ರಕರಣ ಮತ್ತು ವಾಹನ ಮಾಲೀಕರು ತಿಳಿದಿರಬೇಕಾದ ಸಂಗತಿಗಳು

ಪೀಠಿಕೆ

ಮಾರಾಟವಾಗಿ ಬಳಕೆಯಲ್ಲಿರುವ ವಾಹನದಲ್ಲಿ ಸುರಕ್ಷತೆಗೆ ಧಕ್ಕೆ ತರುವ ದೋಷ ಕಂಡುಬಂದಾಗ, ತಯಾರಕರು ಆ ವಾಹನಗಳನ್ನು ಮರಳಿ ಕರೆಸಿ, ಮಾಲೀಕರಿಂದ ಹಣ ಪಡೆಯದೆ ದೋಷವನ್ನು ಸರಿಪಡಿಸುವ ಕ್ರಮಕ್ಕೆ ಹಿಂಪಡೆತ ಎಂದು ಹೆಸರು. ಸಾಮಾನ್ಯ ಬಳಕೆಯಲ್ಲಿ ಇದನ್ನು ರೀಕಾಲ್ ಎಂದು ಕರೆಯಲಾಗುತ್ತದೆ. ಹಿಂಪಡೆತದ ಸೂಚನೆ ಬಂದ ಕೂಡಲೇ ವಾಹನವೇ ಕಳಪೆಯೆಂದು ಭಾವಿಸುವುದಾಗಲಿ, ಸೂಚನೆಯನ್ನು ಮಾರಾಟ ಪ್ರಚಾರವೆಂದು ಕಡೆಗಣಿಸುವುದಾಗಲಿ ಸರಿಯಲ್ಲ.

ಹಿಂಪಡೆತ ಏಕೆ ಅಗತ್ಯ, ಅದು ತಡವಾದರೆ ಆಗುವ ಹಾನಿ ಏನು ಎಂಬುದನ್ನು ತಿಳಿಯಲು ಅಮೆರಿಕ ಸಂಯುಕ್ತ ಸಂಸ್ಥಾನದ ಫೋರ್ಡ್ ಎಕ್ಸ್‌ಪ್ಲೋರರ್ ಮತ್ತು ಫೈರ್‌ಸ್ಟೋನ್ ಟೈರುಗಳ ಪ್ರಕರಣವು ಪ್ರಮುಖ ಉದಾಹರಣೆಯಾಗಿದೆ. ಆ ಪ್ರಕರಣದ ವಿವರ, ಅದರಿಂದ ಕಾನೂನಿನಲ್ಲಿ ಉಂಟಾದ ಬದಲಾವಣೆ, ಭಾರತದಲ್ಲಿ ಜಾರಿಯಲ್ಲಿರುವ ವ್ಯವಸ್ಥೆ ಹಾಗೂ ವಾಹನ ಮಾಲೀಕರು ಅನುಸರಿಸಬೇಕಾದ ಕ್ರಮಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

1. ವಾಹನದ ಹಿನ್ನೆಲೆ

ಫೋರ್ಡ್ ಕಂಪನಿಯು ಎಕ್ಸ್‌ಪ್ಲೋರರ್ ವಾಹನವನ್ನು 1990ರಲ್ಲಿ, 1991ರ ಮಾದರಿಯಾಗಿ ಮಾರುಕಟ್ಟೆಗೆ ತಂದಿತು. ಇದಕ್ಕೂ ಮುಂಚೆ ಎಸ್‌ಯುವಿ ಎಂದರೆ ಕಚ್ಚಾ ರಸ್ತೆಗೂ ಸಾಹಸ ಪ್ರಯಾಣಕ್ಕೂ ಬಳಸುವ ವಾಹನವೆಂಬ ಭಾವನೆ ಹೆಚ್ಚಾಗಿತ್ತು. ನಾಲ್ಕು ಬಾಗಿಲು, ಎತ್ತರದ ಆಸನ ಮತ್ತು ವಿಶಾಲವಾದ ಸಾಮಾನು ಜಾಗವನ್ನು ಹೊಂದಿದ್ದ ಎಕ್ಸ್‌ಪ್ಲೋರರ್, ಮಕ್ಕಳನ್ನು ಶಾಲೆಗೆ ಬಿಡಲು ಮತ್ತು ರಜಾದಿನಗಳ ದೂರಪ್ರಯಾಣಕ್ಕೆ ಬಳಸುವ ಕುಟುಂಬದ ವಾಹನವಾಗಿ ಜನಪ್ರಿಯವಾಯಿತು. 1990ರ ದಶಕದ ಕೊನೆಯ ವರ್ಷಗಳಲ್ಲಿ ಅಮೆರಿಕದಲ್ಲಿ ಪ್ರತಿವರ್ಷ 4 ಲಕ್ಷಕ್ಕೂ ಹೆಚ್ಚು ಎಕ್ಸ್‌ಪ್ಲೋರರ್‌ಗಳು ಮಾರಾಟವಾಗುತ್ತಿದ್ದವು.

ಈ ವಾಹನವನ್ನು ಫೋರ್ಡ್ ರೇಂಜರ್ ಎಂಬ ಪಿಕಪ್ ಟ್ರಕ್ಕಿನ ತಳಹದಿಯ ಮೇಲೆ ರೂಪಿಸಲಾಗಿತ್ತು. ನೆಲದಿಂದ ಎತ್ತರದಲ್ಲಿರುವ ಇಂತಹ ವಾಹನಗಳ ಗುರುತ್ವ ಕೇಂದ್ರವೂ ಎತ್ತರದಲ್ಲಿರುತ್ತದೆ. ಎಡ ಮತ್ತು ಬಲ ಚಕ್ರಗಳ ನಡುವಣ ಅಂತರಕ್ಕೆ ಹೋಲಿಸಿದರೆ ಗುರುತ್ವ ಕೇಂದ್ರದ ಎತ್ತರ ಹೆಚ್ಚಿದಷ್ಟೂ ವಾಹನವು ಪಲ್ಟಿಯಾಗುವ ಸಾಧ್ಯತೆ ಹೆಚ್ಚುತ್ತದೆ. ಸಾಧಾರಣ ಕಾರನ್ನು ಓಡಿಸಿ ಅಭ್ಯಾಸವಿದ್ದ ಕುಟುಂಬಗಳು ಎಸ್‌ಯುವಿಯನ್ನೂ ಅದೇ ವೇಗದಲ್ಲಿ, ಅದೇ ರೀತಿಯಲ್ಲಿ ಚಲಾಯಿಸುತ್ತಿದ್ದುದು ಅಪಾಯವನ್ನು ಹೆಚ್ಚಿಸಿತು.

ಎಕ್ಸ್‌ಪ್ಲೋರರ್‌ಗೆ ಅಳವಡಿಸಲಾದ ಟೈರುಗಳಲ್ಲಿ ಹೆಚ್ಚಿನವು ಫೈರ್‌ಸ್ಟೋನ್ ಕಂಪನಿಯ ಎಟಿಎಕ್ಸ್, ಎಟಿಎಕ್ಸ್-2 ಮತ್ತು ವೈಲ್ಡರ್‌ನೆಸ್ ಎಟಿ ಎಂಬ ಮಾದರಿಗಳಾಗಿದ್ದವು. ಫೈರ್‌ಸ್ಟೋನ್ ಕಂಪನಿಯನ್ನು ಜಪಾನಿನ ಬ್ರಿಜ್‌ಸ್ಟೋನ್ 1988ರಲ್ಲಿ ಖರೀದಿಸಿತ್ತು.

2. ದೋಷದ ಸ್ವರೂಪ

ರೇಡಿಯಲ್ ಟೈರಿನ ಒಳಭಾಗದಲ್ಲಿ ಉಕ್ಕಿನ ತಂತಿಗಳಿಂದ ಹೆಣೆದ ಎರಡು ಪಟ್ಟಿಗಳು ಒಂದರ ಮೇಲೊಂದು ಇರುತ್ತವೆ. ಇವುಗಳ ನಡುವೆ ಮತ್ತು ಮೇಲೆ ರಬ್ಬರ್ ಇದ್ದು, ಎಲ್ಲಕ್ಕಿಂತ ಹೊರಗೆ ರಸ್ತೆಯನ್ನು ಮುಟ್ಟುವ ಟ್ರೆಡ್ ಇರುತ್ತದೆ. ಟೈರು ಉರುಳುವಾಗ ಪ್ರತಿ ಸುತ್ತಿಗೂ ಬಾಗಿ ಮತ್ತೆ ನೇರವಾಗುವುದರಿಂದ ಶಾಖ ಉಂಟಾಗುತ್ತದೆ. ಪಟ್ಟಿಗಳ ಅಂಚಿನಲ್ಲಿ ಒತ್ತಡ ಅತಿ ಹೆಚ್ಚು. ಅಲ್ಲಿ ರಬ್ಬರಿನ ಅಂಟು ದುರ್ಬಲವಾಗಿದ್ದರೆ ಮೊದಲು ಸಣ್ಣ ಬಿರುಕು ಮೂಡುತ್ತದೆ. ಬಿರುಕು ಎರಡು ಪಟ್ಟಿಗಳ ನಡುವೆ ಒಳಗೊಳಗೇ ಹರಡುತ್ತದೆ. ಹೊರಗಿನಿಂದ ನೋಡಿದವರಿಗೆ ಟೈರು ಚೆನ್ನಾಗಿಯೇ ಕಾಣಬಹುದು. ಕೊನೆಗೆ ಒಂದು ದಿನ, ಬಹುತೇಕ ಹೆದ್ದಾರಿಯ ವೇಗದಲ್ಲಿರುವಾಗ, ಮೇಲಿನ ಪಟ್ಟಿಯೂ ಟ್ರೆಡ್ಡೂ ಒಟ್ಟಿಗೆ ಕಿತ್ತು ಬರುತ್ತವೆ.

ಇದು ಪಂಕ್ಚರ್ ಆದಂತೆ ಅಲ್ಲ. ಪಂಕ್ಚರ್ ಆದ ಟೈರಿನಲ್ಲಿ ಗಾಳಿ ಇಳಿಯುವುದು ಚಾಲಕರ ಗಮನಕ್ಕೆ ಬರಲು ಸಮಯವಿರುತ್ತದೆ. ಟ್ರೆಡ್ ಕಳಚಿದಾಗ, ಅದರಲ್ಲೂ ಹಿಂಬದಿಯ ಟೈರಿನಲ್ಲಿ ಕಳಚಿದಾಗ, ವಾಹನದ ಹಿಂಭಾಗ ಒಮ್ಮೆಲೇ ಹಿಡಿತ ಕಳೆದುಕೊಳ್ಳುತ್ತದೆ. ಗಾಬರಿಯಿಂದ ಚಾಲಕರು ಬ್ರೇಕ್ ಒತ್ತಿ ಸ್ಟೀರಿಂಗ್ ತಿರುಗಿಸಿದಾಗ ವಾಹನ ಅಡ್ಡವಾಗಿ ಜಾರುತ್ತದೆ. ಎತ್ತರದ ವಾಹನವಾದರೆ ಪಲ್ಟಿಯಾಗುತ್ತದೆ. ಎಕ್ಸ್‌ಪ್ಲೋರರ್ ಪ್ರಕರಣದಲ್ಲಿ ಸಾವುಗಳಿಗೆ ಮುಖ್ಯ ಕಾರಣ ಈ ಪಲ್ಟಿಯೇ ಆಗಿತ್ತು.

ಅಪಘಾತಗಳು ಅಮೆರಿಕದ ಎಲ್ಲ ರಾಜ್ಯಗಳಲ್ಲಿ ಒಂದೇ ಪ್ರಮಾಣದಲ್ಲಿ ನಡೆಯಲಿಲ್ಲ. ಅರಿಜೋನಾ, ಟೆಕ್ಸಾಸ್, ಫ್ಲೋರಿಡಾ, ಕ್ಯಾಲಿಫೋರ್ನಿಯಾದಂತಹ ಬಿಸಿ ಹವೆಯ ರಾಜ್ಯಗಳಲ್ಲಿ ಅವು ಹೆಚ್ಚಾಗಿದ್ದವು. ಬಿಸಿಲು, ಹೆಚ್ಚು ವೇಗ, ಹೆಚ್ಚು ಭಾರ ಮತ್ತು ಟೈರಿನಲ್ಲಿ ಕಡಿಮೆ ಗಾಳಿ, ಇವು ನಾಲ್ಕೂ ಟೈರಿನ ಶಾಖವನ್ನು ಏರಿಸುವ ಅಂಶಗಳು. ಇವು ಒಟ್ಟಿಗೆ ಸೇರುವುದು ಬೇಸಿಗೆ ರಜೆಯ ಕುಟುಂಬ ಪ್ರಯಾಣದಲ್ಲಿ.

3. ಎಚ್ಚರಿಕೆಯ ಸೂಚನೆಗಳು ಚದುರಿಹೋದ ಬಗೆ

2000ದ ಆಗಸ್ಟ್ ತಿಂಗಳಿನ ಹಿಂಪಡೆತಕ್ಕೆ ಬಹು ಮುಂಚೆಯೇ ದೋಷದ ಸೂಚನೆಗಳು ಬೇರೆ ಬೇರೆ ಕಡೆ ದಾಖಲಾಗಿದ್ದವು. ಅವು ಒಂದೆಡೆ ಸೇರಲಿಲ್ಲ. ಆ ಸೂಚನೆಗಳು ಈ ಕೆಳಕಂಡಂತಿವೆ.

ಅ) ವಿಮಾ ಕಂಪನಿ: ಸ್ಟೇಟ್ ಫಾರ್ಮ್ ವಿಮಾ ಕಂಪನಿಯ ವಿಶ್ಲೇಷಕರೊಬ್ಬರು 1998ರಲ್ಲಿ ಈ ಟೈರುಗಳ ಟ್ರೆಡ್ ಕಳಚಿದ 21 ಪ್ರಕರಣಗಳನ್ನು ಗುರುತಿಸಿ, ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತಕ್ಕೆ ತಿಳಿಸಿದ್ದರು. ಎನ್‌ಎಚ್‌ಟಿಎಸ್‌ಎ ಎಂದು ಕರೆಯಲಾಗುವ ಈ ಸಂಸ್ಥೆಯು ಅಮೆರಿಕದಲ್ಲಿ ವಾಹನ ಸುರಕ್ಷತೆಯ ಹೊಣೆ ಹೊತ್ತಿರುವ ಸರ್ಕಾರಿ ಸಂಸ್ಥೆ. ಬಳಕೆಯಲ್ಲಿದ್ದ ಲಕ್ಷಾಂತರ ಟೈರುಗಳ ಮುಂದೆ 21 ಎಂಬುದು ಸಣ್ಣ ಸಂಖ್ಯೆಯಾಗಿ ಕಂಡಿತು. ಆಗ ತನಿಖೆ ಆರಂಭವಾಗಲಿಲ್ಲ.

ಆ) ಟೈರು ಕಂಪನಿ: ಟೈರು ಹಾಳಾಗಿ ನಷ್ಟವಾಯಿತೆಂದು ಪರಿಹಾರ ಕೋರಿದ ಅರ್ಜಿಗಳು ಕಂಪನಿಯಲ್ಲಿದ್ದವು. ಆದರೆ ಅವುಗಳನ್ನು ಹಣಕಾಸಿನ ಲೆಕ್ಕಕ್ಕಾಗಿ ನೋಡಲಾಗುತ್ತಿತ್ತೇ ಹೊರತು ಸುರಕ್ಷತೆಯ ವಿಶ್ಲೇಷಣೆಗೆ ಬಳಸುತ್ತಿರಲಿಲ್ಲ.

ಇ) ನ್ಯಾಯಾಲಯಗಳು: ಗಾಯಗೊಂಡವರೂ ಮೃತರ ಕುಟುಂಬದವರೂ ಹೂಡಿದ್ದ ದಾವೆಗಳು ಹಲವು ರಾಜ್ಯಗಳಲ್ಲಿ ನಡೆಯುತ್ತಿದ್ದವು. ಅನೇಕವು ಗೋಪ್ಯ ಒಪ್ಪಂದಗಳಲ್ಲಿ ಮುಗಿದವು. ಆ ಕಡತಗಳಲ್ಲಿದ್ದ ಮಾಹಿತಿ ಸಾರ್ವಜನಿಕರಿಗಾಗಲಿ ಸರ್ಕಾರಕ್ಕಾಗಲಿ ತಲುಪಲಿಲ್ಲ.

ಈ) ಹೊರದೇಶಗಳು: ಫೋರ್ಡ್ ಕಂಪನಿಯು 1999ರಲ್ಲಿ ಸೌದಿ ಅರೇಬಿಯಾದಲ್ಲಿ, ಬಳಿಕ ವೆನೆಜುವೆಲಾ ಸೇರಿದಂತೆ ಇತರ ದೇಶಗಳಲ್ಲಿ ಈ ಟೈರುಗಳನ್ನು ಬದಲಾಯಿಸಿಕೊಡಲು ಆರಂಭಿಸಿತ್ತು. ಹೊರದೇಶದಲ್ಲಿ ಕೈಗೊಂಡ ಇಂತಹ ಕ್ರಮವನ್ನು ಅಮೆರಿಕದ ಸರ್ಕಾರಕ್ಕೆ ತಿಳಿಸಬೇಕೆಂಬ ಸ್ಪಷ್ಟ ಕಟ್ಟಳೆ ಆಗಿನ ಕಾನೂನಿನಲ್ಲಿ ಇರಲಿಲ್ಲ.

2000ದ ಫೆಬ್ರವರಿಯಲ್ಲಿ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ನಗರದ ಕೆಎಚ್‌ಒಯು ದೂರದರ್ಶನ ಕೇಂದ್ರವು ಈ ಅಪಘಾತಗಳ ಬಗ್ಗೆ ತನಿಖಾ ವರದಿಯನ್ನು ಪ್ರಸಾರ ಮಾಡಿತು. ವರದಿಯನ್ನು ಕಂಡ ಜನರು ತಮ್ಮ ಅನುಭವವನ್ನೂ ಸುರಕ್ಷತಾ ಆಡಳಿತಕ್ಕೆ ತಿಳಿಸತೊಡಗಿದರು. 2000ದ ಮೇ 2ರಂದು ಪ್ರಾಥಮಿಕ ತನಿಖೆ ಆರಂಭವಾದಾಗ ಆಡಳಿತದ ಬಳಿ ಇದ್ದದ್ದು 90 ದೂರುಗಳು ಮತ್ತು 4 ಸಾವುಗಳ ಮಾಹಿತಿ. 2001ರಲ್ಲಿ ತನಿಖೆ ಮುಗಿಯುವ ಹೊತ್ತಿಗೆ ಈ ಟೈರುಗಳ ವೈಫಲ್ಯದೊಂದಿಗೆ ಸಂಬಂಧ ಕಲ್ಪಿಸಲಾದ ಸಾವುಗಳ ಸಂಖ್ಯೆ 271ಕ್ಕೆ ಏರಿತ್ತು. ಗಾಯಗೊಂಡವರು 800ಕ್ಕೂ ಹೆಚ್ಚು.

ಈ ಎರಡು ಸಂಖ್ಯೆಗಳ ನಡುವಿನ ಅಂತರವನ್ನು ಗಮನಿಸಬೇಕು. 271 ಸಾವುಗಳಲ್ಲಿ ಅನೇಕವು ತನಿಖೆ ಆರಂಭವಾಗುವ ಮುಂಚೆಯೇ ಸಂಭವಿಸಿದ್ದವು. ಅವು ಎಲ್ಲೋ ಒಂದು ಪೊಲೀಸ್ ಠಾಣೆಯ, ವಿಮಾ ಕಚೇರಿಯ ಅಥವಾ ವಕೀಲರ ಕಡತದಲ್ಲಿ ಒಂಟಿ ಅಪಘಾತಗಳಾಗಿ ಉಳಿದಿದ್ದವು. ಪ್ರತಿಯೊಂದನ್ನೂ ಬಿಡಿಯಾಗಿ ನೋಡಿದರೆ ಚಾಲಕರ ತಪ್ಪು ಅಥವಾ ದುರದೃಷ್ಟವೆಂದು ತೋರುತ್ತಿತ್ತು. ಒಟ್ಟಿಗೆ ನೋಡಿದಾಗ ಮಾತ್ರ ದೋಷ ಕಾಣಿಸಿತು.

4. ಘಟನೆಗಳ ಕಾಲಾನುಕ್ರಮ

ಆಗಸ್ಟ್ 9, 2000: ಬ್ರಿಜ್‌ಸ್ಟೋನ್/ಫೈರ್‌ಸ್ಟೋನ್ ಕಂಪನಿಯು 1 ಕೋಟಿ 44 ಲಕ್ಷ ಟೈರುಗಳ ಹಿಂಪಡೆತವನ್ನು ಪ್ರಕಟಿಸಿತು. ಇವುಗಳಲ್ಲಿ ಸುಮಾರು 65 ಲಕ್ಷ ಟೈರುಗಳು ಆಗಲೂ ಬಳಕೆಯಲ್ಲಿದ್ದವೆಂದು ಅಂದಾಜಿಸಲಾಗಿತ್ತು. 15 ಅಂಗುಲದ ಎಟಿಎಕ್ಸ್ ಮತ್ತು ಎಟಿಎಕ್ಸ್-2 ಟೈರುಗಳು ಹಾಗೂ ಇಲಿನಾಯ್ ರಾಜ್ಯದ ಡಿಕೇಟರ್ ಕಾರ್ಖಾನೆಯಲ್ಲಿ ತಯಾರಾದ ಅದೇ ಅಳತೆಯ ವೈಲ್ಡರ್‌ನೆಸ್ ಎಟಿ ಟೈರುಗಳು ಇದರಲ್ಲಿ ಸೇರಿದ್ದವು.

ಸೆಪ್ಟೆಂಬರ್ 2000: ಅಮೆರಿಕದ ಸಂಸತ್ತಿನ ಸಮಿತಿಗಳು ವಿಚಾರಣೆ ನಡೆಸಿದವು. ಬ್ರಿಜ್‌ಸ್ಟೋನ್/ಫೈರ್‌ಸ್ಟೋನ್ ಮುಖ್ಯಸ್ಥ ಮಸಾತೋಷಿ ಓನೋ ಮತ್ತು ಫೋರ್ಡ್ ಮುಖ್ಯಸ್ಥ ಜಾಕ್ ನಾಸರ್ ಹಾಜರಾಗಿ ಉತ್ತರಿಸಿದರು. ಓನೋ ಕ್ಷಮೆ ಯಾಚಿಸಿದರು.

ನವೆಂಬರ್ 1, 2000: ಟ್ರೆಡ್ ಕಾಯಿದೆ ಎಂದು ಹೆಸರಾದ ಹೊಸ ಕಾಯಿದೆಗೆ ಅಧ್ಯಕ್ಷ ಬಿಲ್ ಕ್ಲಿಂಟನ್ ಸಹಿ ಹಾಕಿದರು.

ಮೇ 2001: ಫೈರ್‌ಸ್ಟೋನ್ ಕಂಪನಿಯು ಫೋರ್ಡ್‌ನೊಂದಿಗೆ ಹೊಂದಿದ್ದ ಸುಮಾರು ನೂರು ವರ್ಷಗಳ ವ್ಯಾಪಾರ ಸಂಬಂಧವನ್ನು ಮೇ 21ರಂದು ಕಡಿದುಕೊಂಡಿತು. ಮರುದಿನ ಫೋರ್ಡ್ ತನ್ನ ವಾಹನಗಳಲ್ಲಿದ್ದ ಸುಮಾರು 1 ಕೋಟಿ 30 ಲಕ್ಷ ವೈಲ್ಡರ್‌ನೆಸ್ ಎಟಿ ಟೈರುಗಳನ್ನು ಸ್ವಂತ ಖರ್ಚಿನಲ್ಲಿ ಬದಲಾಯಿಸುವುದಾಗಿ ಪ್ರಕಟಿಸಿತು.

ಅಕ್ಟೋಬರ್ 2001: ಸುರಕ್ಷತಾ ಆಡಳಿತವು ದೋಷವಿದೆಯೆಂಬ ಪ್ರಾಥಮಿಕ ನಿರ್ಣಯಕ್ಕೆ ಬಂದ ನಂತರ, 1998ರ ಮೇ ತಿಂಗಳಿಗೆ ಮುಂಚೆ ತಯಾರಾದ ಇನ್ನೂ ಸುಮಾರು 35 ಲಕ್ಷ ವೈಲ್ಡರ್‌ನೆಸ್ ಎಟಿ ಟೈರುಗಳನ್ನು ಫೈರ್‌ಸ್ಟೋನ್ ಹಿಂಪಡೆಯಿತು.

ಫೆಬ್ರವರಿ 2002: ಎಕ್ಸ್‌ಪ್ಲೋರರ್ ವಾಹನದ ವಿನ್ಯಾಸವನ್ನೇ ತನಿಖೆಗೆ ಒಳಪಡಿಸಬೇಕೆಂಬ ಫೈರ್‌ಸ್ಟೋನ್ ಕೋರಿಕೆಯನ್ನು ಸುರಕ್ಷತಾ ಆಡಳಿತವು ತಿರಸ್ಕರಿಸಿತು.

ಅಕ್ಟೋಬರ್ 2005: ಹಿಂಪಡೆತದ ವೆಚ್ಚದ ಬಗೆಗಿನ ವಿವಾದವನ್ನು ಎರಡೂ ಕಂಪನಿಗಳು ಇತ್ಯರ್ಥಪಡಿಸಿಕೊಂಡವು. ಫೈರ್‌ಸ್ಟೋನ್ ಫೋರ್ಡ್‌ಗೆ 24 ಕೋಟಿ ಡಾಲರ್ ನೀಡಲು ಒಪ್ಪಿತು.

5. ಕಾರಣಗಳ ಕುರಿತ ವಾದ ಮತ್ತು ನಿರ್ಣಯ

ದೋಷ ಟೈರಿನದೋ ವಾಹನದ್ದೋ ಎಂಬ ಬಗ್ಗೆ ಎರಡು ಕಂಪನಿಗಳ ನಡುವೆ ತೀವ್ರ ವಾದ ನಡೆಯಿತು. ಟೈರಿನಲ್ಲಿ 26 ಪಿಎಸ್‌ಐ ಗಾಳಿ ಇರಬೇಕೆಂದು ಫೋರ್ಡ್ ಸೂಚಿಸಿತ್ತು. ಈ ಪ್ರಮಾಣ ಕಡಿಮೆಯಾಯಿತು, ಸ್ವಲ್ಪ ಗಾಳಿ ಇಳಿದರೂ ಟೈರು ಅತಿಯಾಗಿ ಕಾಯುತ್ತದೆ, 30 ಪಿಎಸ್‌ಐ ಇರಬೇಕು ಎಂಬುದು ಫೈರ್‌ಸ್ಟೋನ್ ನಿಲುವು. ಅದೇ ಟೈರು ರೇಂಜರ್ ಟ್ರಕ್ಕಿನಲ್ಲಿ ಇಷ್ಟು ವಿಫಲವಾಗಿಲ್ಲವೆಂದೂ ಆ ಕಂಪನಿ ಹೇಳಿತು. ಬೇರೆ ಕಂಪನಿಯ ಟೈರು ಹಾಕಿದ ಎಕ್ಸ್‌ಪ್ಲೋರರ್‌ಗಳಲ್ಲಿ ಇಂತಹ ದೂರು ಬಂದಿಲ್ಲವೆಂಬುದು ಫೋರ್ಡ್ ನೀಡಿದ ಉತ್ತರ.

ಸುರಕ್ಷತಾ ಆಡಳಿತದ ತನಿಖೆಯು ದೋಷವನ್ನು ಟೈರಿನಲ್ಲಿ ಗುರುತಿಸಿತು. ಉಕ್ಕಿನ ಪಟ್ಟಿಗಳ ಅಂಚಿನಲ್ಲಿ ಬಿರುಕು ಹುಟ್ಟಿ ಬೆಳೆಯಲು ಟೈರಿನ ವಿನ್ಯಾಸವೇ ಅವಕಾಶ ನೀಡಿತ್ತು ಎಂಬುದು ಅದರ ಸಾರ. ಫೈರ್‌ಸ್ಟೋನ್ ನೇಮಿಸಿದ್ದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಜ್ಞರು 2001ರಲ್ಲಿ ನೀಡಿದ ವರದಿಯು ಹವಾಮಾನ, ಟೈರಿನ ವಿನ್ಯಾಸ, ಡಿಕೇಟರ್ ಕಾರ್ಖಾನೆಯ ತಯಾರಿಕಾ ವಿಧಾನ ಮತ್ತು ಬಳಕೆಯ ಪರಿಸ್ಥಿತಿ ಇವೆಲ್ಲವೂ ಕೂಡಿ ವೈಫಲ್ಯಕ್ಕೆ ಕಾರಣವಾದವೆಂದು ತಿಳಿಸಿತು. ಡಿಕೇಟರ್ ಕಾರ್ಖಾನೆಯಲ್ಲಿ 1990ರ ದಶಕದ ಮಧ್ಯಭಾಗದಲ್ಲಿ ಕಾರ್ಮಿಕ ವಿವಾದ ನಡೆದಿತ್ತು. ಆ ಅವಧಿಯಲ್ಲಿ ತಯಾರಾದ ಟೈರುಗಳು ಹೆಚ್ಚು ವಿಫಲವಾದವೆಂದು ಅರ್ಥಶಾಸ್ತ್ರಜ್ಞರಾದ ಅಲನ್ ಕ್ರೂಗರ್ ಮತ್ತು ಅಲೆಕ್ಸಾಂಡರ್ ಮಾಸ್ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದರು. ಆ ಕಾರ್ಖಾನೆಯನ್ನು 2001ರ ಕೊನೆಯಲ್ಲಿ ಮುಚ್ಚಲಾಯಿತು.

ಕಂಪನಿಗಳ ನಡುವಿನ ಹೊಣೆಯ ಪ್ರಶ್ನೆ ಏನೇ ಇರಲಿ, ಬಳಕೆದಾರರಿಗೆ ಇದರಿಂದ ತಿಳಿಯುವ ಅಂಶವೊಂದಿದೆ. ಟೈರು, ಗಾಳಿಯ ಒತ್ತಡ, ಭಾರ, ವೇಗ, ಬಿಸಿಲು ಮತ್ತು ವಾಹನದ ಎತ್ತರ ಬೇರೆ ಬೇರೆ ವಿಷಯಗಳಲ್ಲ. ಒಂದರಲ್ಲಿರುವ ಕೊರತೆಯನ್ನು ಮತ್ತೊಂದು ಹೆಚ್ಚಿಸುತ್ತದೆ.

6. ಕಾನೂನು ಮತ್ತು ತಾಂತ್ರಿಕ ಮಾನದಂಡಗಳಲ್ಲಿ ಆದ ಬದಲಾವಣೆ

ಟ್ರೆಡ್ ಕಾಯಿದೆಯ ಪರಿಣಾಮವಾಗಿ ಮತ್ತು ಅದರ ಮುಂದುವರಿಕೆಯಾಗಿ ಅಮೆರಿಕದಲ್ಲಿ ಕೆಳಕಂಡ ಕ್ರಮಗಳು ಜಾರಿಗೆ ಬಂದವು.

(1) ಸಾವು, ಗಾಯ, ವಾರಂಟಿ ಮತ್ತು ಗ್ರಾಹಕರ ದೂರುಗಳ ಮಾಹಿತಿಯನ್ನು ತಯಾರಕರು ನಿಯತಕಾಲಿಕವಾಗಿ ಸರ್ಕಾರಕ್ಕೆ ಸಲ್ಲಿಸುವುದು ಕಡ್ಡಾಯವಾಯಿತು.

(2) ಹೊರದೇಶದಲ್ಲಿ ಕೈಗೊಂಡ ಸುರಕ್ಷತಾ ಹಿಂಪಡೆತವನ್ನು 5 ಕೆಲಸದ ದಿನಗಳೊಳಗೆ ತಿಳಿಸುವುದು ಕಡ್ಡಾಯವಾಯಿತು.

(3) ಟೈರುಗಳ ಪರೀಕ್ಷಾ ಮಾನದಂಡಗಳನ್ನು ಬಿಗಿಗೊಳಿಸಲಾಯಿತು.

(4) ಟೈರಿನಲ್ಲಿ ಗಾಳಿ ಕಡಿಮೆಯಾದಾಗ ಚಾಲಕರನ್ನು ಎಚ್ಚರಿಸುವ ವ್ಯವಸ್ಥೆಯು 2007ರ ಸೆಪ್ಟೆಂಬರ್‌ನಿಂದ ಎಲ್ಲ ಹೊಸ ಲಘು ವಾಹನಗಳಲ್ಲಿ ಕಡ್ಡಾಯವಾಯಿತು.

(5) ವಾಹನ ಪಲ್ಟಿಯಾಗುವ ಸಾಧ್ಯತೆಯನ್ನು ನಕ್ಷತ್ರಗಳ ಮೂಲಕ ಸೂಚಿಸುವ ಶ್ರೇಣಿ 2001ರ ಮಾದರಿಗಳಿಂದ ಆರಂಭವಾಯಿತು.

(6) ವಾಹನ ಅಡ್ಡ ಜಾರದಂತೆ ತಡೆಯುವ ಇಲೆಕ್ಟ್ರಾನಿಕ್ ಸ್ಥಿರತಾ ನಿಯಂತ್ರಣ ವ್ಯವಸ್ಥೆಯು 2012ರ ಮಾದರಿಗಳಿಂದ ಎಲ್ಲ ಹೊಸ ಲಘು ವಾಹನಗಳಿಗೆ ಕಡ್ಡಾಯವಾಯಿತು.

ಫೋರ್ಡ್ ಕಂಪನಿಯು 2002ರ ಮಾದರಿಯಿಂದ ಎಕ್ಸ್‌ಪ್ಲೋರರ್‌ನ ಅಗಲವನ್ನು ಹೆಚ್ಚಿಸಿ, ಹಿಂಬದಿಗೆ ಸ್ವತಂತ್ರ ಸಸ್ಪೆನ್ಷನ್ ಅಳವಡಿಸಿತು.

7. ಎಕ್ಸ್‌ಪ್ಲೋರರ್‌ನ ನಂತರದ ಹಿಂಪಡೆತಗಳು

ಹಿಂಪಡೆತವು ಒಮ್ಮೆ ನಡೆದು ಮುಗಿಯುವ ಘಟನೆಯಲ್ಲ. ಎಕ್ಸ್‌ಪ್ಲೋರರ್‌ನ ನಂತರದ ಪೀಳಿಗೆಗಳಲ್ಲಿಯೂ ಬೇರೆ ಬಗೆಯ ದೋಷಗಳಿಗಾಗಿ ಹಿಂಪಡೆತ ನಡೆದಿದೆ. ಹಿಂಬದಿ ಸಸ್ಪೆನ್ಷನ್‌ನ ಟೋ ಲಿಂಕ್ ಎಂಬ ಭಾಗ ಮುರಿಯುವ ಸಾಧ್ಯತೆಯ ಕಾರಣದಿಂದ 2013ರಿಂದ 2017ರವರೆಗಿನ ಮಾದರಿಗಳ ಸುಮಾರು 7.7 ಲಕ್ಷ ವಾಹನಗಳನ್ನು 2021ರಲ್ಲಿ ಹಿಂಪಡೆಯಲಾಯಿತು. ಹಿಂಬದಿ ಆಕ್ಸಲ್‌ನ ಬೋಲ್ಟ್ ಮುರಿದು ನಿಲ್ಲಿಸಿದ ವಾಹನ ಉರುಳುವ ಸಾಧ್ಯತೆಯ ಕಾರಣದಿಂದ 2020ರಿಂದ 2022ರವರೆಗಿನ ಮಾದರಿಗಳ 2.5 ಲಕ್ಷಕ್ಕೂ ಹೆಚ್ಚು ವಾಹನಗಳನ್ನು 2022ರಲ್ಲಿ ಹಿಂಪಡೆಯಲಾಯಿತು.

ಪ್ರತಿ ತನಿಖೆಯೂ ಹಿಂಪಡೆತದಲ್ಲೇ ಮುಗಿಯುವುದಿಲ್ಲ. ವಾಹನದೊಳಗೆ ಹೊಗೆಯ ವಾಸನೆ ಬರುತ್ತಿದೆಯೆಂಬ ದೂರುಗಳ ಮೇಲೆ 2016ರಲ್ಲಿ ಆರಂಭವಾದ ತನಿಖೆಯು 2023ರಲ್ಲಿ ಹಿಂಪಡೆತದ ಆದೇಶವಿಲ್ಲದೆ ಮುಕ್ತಾಯವಾಯಿತು. ಅಷ್ಟರಲ್ಲಿ ಕಂಪನಿಯು ಮಾಲೀಕರಿಗೆ ಉಚಿತ ದುರಸ್ತಿಯ ಸೌಲಭ್ಯ ನೀಡಿತ್ತು.

8. ಭಾರತದಲ್ಲಿನ ವ್ಯವಸ್ಥೆ

ಭಾರತದಲ್ಲಿ 2012ರಲ್ಲಿ ವಾಹನ ತಯಾರಕರ ಸಂಘವಾದ ಸಿಯಾಮ್ ಸ್ವಯಂಪ್ರೇರಿತ ಹಿಂಪಡೆತದ ಸಂಹಿತೆಯನ್ನು ಜಾರಿಗೆ ತಂದಿತು. ಅದಕ್ಕೆ ಕಾನೂನಿನ ಬಲ ಇರಲಿಲ್ಲ. ಮೋಟಾರು ವಾಹನಗಳ (ತಿದ್ದುಪಡಿ) ಕಾಯಿದೆ, 2019ರ ಮೂಲಕ ಸೇರಿಸಲಾದ 110-ಎ ಪ್ರಕರಣವು ಈ ಕೊರತೆಯನ್ನು ತುಂಬಿತು. ಸಂಬಂಧಿತ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ಇವುಗಳ ಮುಖ್ಯಾಂಶಗಳು ಹೀಗಿವೆ.

(1) ಪರಿಸರಕ್ಕೆ, ಚಾಲಕರಿಗೆ, ಪ್ರಯಾಣಿಕರಿಗೆ ಅಥವಾ ಇತರ ರಸ್ತೆ ಬಳಕೆದಾರರಿಗೆ ಹಾನಿ ಉಂಟುಮಾಡಬಹುದಾದ ದೋಷವಿದ್ದಲ್ಲಿ, ನಿರ್ದಿಷ್ಟ ಮಾದರಿಯ ವಾಹನಗಳನ್ನು ಹಿಂಪಡೆಯುವಂತೆ ಕೇಂದ್ರ ಸರ್ಕಾರವು ತಯಾರಕರಿಗೆ ಆದೇಶಿಸಬಹುದು.

(2) ದೋಷವು ಬಿಡಿಭಾಗವೊಂದರಲ್ಲಿ ಇದ್ದರೆ, ಆ ಬಿಡಿಭಾಗವಿರುವ ಎಲ್ಲ ವಾಹನಗಳನ್ನು, ಅವು ಯಾವುದೇ ಮಾದರಿಯವಾಗಿರಲಿ, ಹಿಂಪಡೆಯುವಂತೆ ಆದೇಶಿಸಬಹುದು. ಫೈರ್‌ಸ್ಟೋನ್ ಪ್ರಕರಣದಂತಹ ಸಂದರ್ಭಗಳಲ್ಲಿ ಈ ಉಪಬಂಧದ ಮಹತ್ವ ಸ್ಪಷ್ಟವಾಗುತ್ತದೆ.

(3) ಮಾಲೀಕರು, ಪರೀಕ್ಷಾ ಸಂಸ್ಥೆಗಳು ಅಥವಾ ಇತರ ಮೂಲಗಳಿಂದ ಬಂದ ಮಾಹಿತಿಯನ್ನು ಆಧರಿಸಿ ಕ್ರಮ ಕೈಗೊಳ್ಳಬಹುದು. ಮಾಲೀಕರ ದೂರುಗಳನ್ನು ಪರಿಗಣಿಸುವಾಗ, ಆ ಮಾದರಿಯ ಮಾರಾಟದ ಪ್ರಮಾಣಕ್ಕೆ ಅನುಗುಣವಾಗಿ ನಿಗದಿಪಡಿಸಿದ ಸಂಖ್ಯೆಯಲ್ಲಿ ದೂರು ಬರಬೇಕಾಗುತ್ತದೆ.

(4) ನಿಯಮಗಳು 7 ವರ್ಷಕ್ಕಿಂತ ಕಡಿಮೆ ವಯಸ್ಸಿನ ವಾಹನಗಳಿಗೆ ಅನ್ವಯಿಸುತ್ತವೆ.

(5) ತಯಾರಕರು ತಾವಾಗಿಯೇ ದೋಷವನ್ನು ತಿಳಿಸಿ ಹಿಂಪಡೆತ ಆರಂಭಿಸಿದರೆ ದಂಡ ವಿಧಿಸಲಾಗುವುದಿಲ್ಲ. ಸರ್ಕಾರವೇ ಆದೇಶಿಸಬೇಕಾಗಿ ಬಂದರೆ, ವಾಹನದ ವರ್ಗ ಮತ್ತು ಸಂಖ್ಯೆಯನ್ನು ಅನುಸರಿಸಿ 10 ಲಕ್ಷ ರೂಪಾಯಿಗಳಿಂದ 1 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಬಹುದು.

ಮೇಲಿನ (3)ನೇ ಅಂಶವನ್ನು ಸಾರ್ವಜನಿಕರು ವಿಶೇಷವಾಗಿ ಗಮನಿಸತಕ್ಕದ್ದು. ದೋಷಯುಕ್ತ ವಾಹನವನ್ನು ಸರ್ವಿಸ್ ಕೇಂದ್ರದಲ್ಲಿ ಹಣ ಕೊಟ್ಟು ರಿಪೇರಿ ಮಾಡಿಸಿಕೊಂಡು ಸುಮ್ಮನಾದರೆ ಆ ದೋಷ ಸರ್ಕಾರದ ದಾಖಲೆಗೆ ಬರುವುದಿಲ್ಲ. ಅದೇ ದೋಷವಿರುವ ಮತ್ತೊಂದು ಕುಟುಂಬಕ್ಕೂ ಅದು ತಿಳಿಯುವುದಿಲ್ಲ.

9. ವಾಹನ ಮಾಲೀಕರಿಗೆ ಸೂಚನೆಗಳು

ಹಿಂಪಡೆತದ ಬಗ್ಗೆ:

- ನೋಂದಣಿ ಪತ್ರದಲ್ಲಿರುವ 17 ಅಕ್ಷರ ಮತ್ತು ಅಂಕಿಗಳ ಚಾಸಿಸ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು. ತಯಾರಕರ ಜಾಲತಾಣದಲ್ಲಿ ಅಥವಾ ಅಧಿಕೃತ ಡೀಲರ್ ಬಳಿ ಈ ಸಂಖ್ಯೆಯನ್ನು ನೀಡಿ ಹಿಂಪಡೆತ ಅನ್ವಯವಾಗುತ್ತದೆಯೇ ಎಂದು ವಿಚಾರಿಸುವುದು.
- ಹಳೆಯ ವಾಹನವನ್ನು ಕೊಂಡವರು ಹೆಸರು ವರ್ಗಾವಣೆಯನ್ನು ತಪ್ಪದೇ ಮಾಡಿಸಿಕೊಳ್ಳುವುದು. ವಿಳಾಸ ಬದಲಾದಾಗ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ದಾಖಲಿಸುವುದು. ಇಲ್ಲವಾದಲ್ಲಿ ಹಿಂಪಡೆತದ ಪತ್ರ ಹಿಂದಿನ ಮಾಲೀಕರಿಗೆ ಅಥವಾ ಹಳೆಯ ವಿಳಾಸಕ್ಕೆ ಹೋಗುತ್ತದೆ.
- ದೋಷ ಕಂಡುಬಂದಲ್ಲಿ ದಿನಾಂಕ, ಓಡಿದ ಕಿಲೋಮೀಟರ್, ವೇಗ, ಹವೆ ಮತ್ತು ಘಟನೆಯ ವಿವರವನ್ನು ಬರೆದಿಡುವುದು. ಜಾಬ್ ಕಾರ್ಡ್, ಬಿಲ್ಲು ಮತ್ತು ಛಾಯಾಚಿತ್ರಗಳನ್ನು ಕಾಪಾಡುವುದು. ಮುರಿದ ಅಥವಾ ಹರಿದ ಭಾಗವನ್ನು ಸಾಧ್ಯವಾದಷ್ಟೂ ಎಸೆಯದಿರುವುದು.

ಟೈರುಗಳ ಬಗ್ಗೆ:

- ಗಾಳಿಯ ಪ್ರಮಾಣವನ್ನು ಚಾಲಕರ ಬಾಗಿಲಿನ ಬಳಿ ಅಂಟಿಸಿರುವ ಚೀಟಿ ಅಥವಾ ಮಾಲೀಕರ ಕೈಪಿಡಿಯಂತೆ ಇಡುವುದು. ಟೈರಿನ ಪಕ್ಕದಲ್ಲಿ ಮುದ್ರಿತವಾಗಿರುವುದು ಗರಿಷ್ಠ ಮಿತಿಯೇ ಹೊರತು ಇಡಬೇಕಾದ ಪ್ರಮಾಣವಲ್ಲ.
- ತಿಂಗಳಿಗೊಮ್ಮೆ ಹಾಗೂ ದೂರಪ್ರಯಾಣಕ್ಕೆ ಮುಂಚೆ, ಟೈರು ತಣ್ಣಗಿರುವಾಗ, ಸ್ಟೆಪ್ನಿ ಸಹಿತ ಎಲ್ಲ ಟೈರುಗಳ ಗಾಳಿಯನ್ನು ಪರೀಕ್ಷಿಸುವುದು. ಪೂರ್ಣ ಭಾರದ ಪ್ರಯಾಣಕ್ಕೆ ಕೈಪಿಡಿಯಲ್ಲಿ ಬೇರೆ ಪ್ರಮಾಣ ಸೂಚಿಸಿದ್ದರೆ ಅದನ್ನು ಅನುಸರಿಸುವುದು.
- ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿಗಳಲ್ಲಿ ಮೊದಲ ಎರಡು ತಯಾರಾದ ವಾರವನ್ನೂ ಕೊನೆಯ ಎರಡು ವರ್ಷವನ್ನೂ ಸೂಚಿಸುತ್ತವೆ. ಉದಾಹರಣೆಗೆ 2319 ಎಂದರೆ 2019ರ 23ನೇ ವಾರ. ಸವೆಯದ ಟೈರು ಸಹ ಹಳೆಯದಾದಂತೆ ಒಳಗೆ ದುರ್ಬಲವಾಗುತ್ತದೆ.
- ಉಬ್ಬು, ಬಿರುಕು, ಒಂದೇ ಕಡೆಯ ಸವೆತ ಅಥವಾ ಹೊಸದಾಗಿ ಆರಂಭವಾದ ನಡುಕ ಕಂಡುಬಂದರೆ ವಾಹನವನ್ನು ವೇಗವಾಗಿ ಓಡಿಸದೆ ಟೈರನ್ನು ಪರೀಕ್ಷಿಸಿಸುವುದು.
- ಕಲಬುರಗಿ, ರಾಯಚೂರು, ಬಳ್ಳಾರಿ ಮುಂತಾದ ಜಿಲ್ಲೆಗಳಲ್ಲಿ ಬೇಸಿಗೆಯ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ಮೀರುವುದುಂಟು. ಇಂತಹ ಬಿಸಿಲಿನಲ್ಲಿ ಕಡಿಮೆ ಗಾಳಿ, ಹೆಚ್ಚು ಜನ ಮತ್ತು ಹೆಚ್ಚು ವೇಗ ಒಟ್ಟಿಗೆ ಸೇರದಂತೆ ಎಚ್ಚರ ವಹಿಸುವುದು.

ಚಾಲನೆಯ ಬಗ್ಗೆ:

- ಎತ್ತರದ ವಾಹನದ ಮಾಡಿನ ಮೇಲೆ ಭಾರವಾದ ಸಾಮಾನು ಹೇರಿದರೆ ಗುರುತ್ವ ಕೇಂದ್ರ ಇನ್ನಷ್ಟು ಮೇಲೇರುತ್ತದೆ. ಭಾರವಾದ ವಸ್ತುಗಳನ್ನು ಒಳಗೆ, ಕೆಳಭಾಗದಲ್ಲಿ ಇಡುವುದು.
- ವೇಗದಲ್ಲಿರುವಾಗ ಟೈರು ಒಡೆದರೆ ಅಥವಾ ಟ್ರೆಡ್ ಕಳಚಿದರೆ ತಕ್ಷಣ ಬ್ರೇಕ್ ಒತ್ತದಿರುವುದು. ಸ್ಟೀರಿಂಗನ್ನು ಎರಡೂ ಕೈಗಳಿಂದ ಹಿಡಿದು ವಾಹನವನ್ನು ನೇರವಾಗಿ ಇಟ್ಟುಕೊಂಡು, ಆಕ್ಸಿಲರೇಟರಿನಿಂದ ನಿಧಾನವಾಗಿ ಕಾಲು ತೆಗೆಯುವುದು. ವೇಗ ಇಳಿದ ನಂತರವೇ ರಸ್ತೆಯ ಬದಿಗೆ ತರುವುದು.
- ಹಿಂದಿನ ಆಸನದವರೂ ಸೇರಿದಂತೆ ಎಲ್ಲರೂ ಸೀಟ್ ಬೆಲ್ಟ್ ಧರಿಸುವುದು. ವಾಹನ ಪಲ್ಟಿಯಾದಾಗ ಹೊರಗೆ ಎಸೆಯಲ್ಪಡದಂತೆ ತಡೆಯುವ ಮುಖ್ಯ ಸಾಧನ ಇದೇ.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಹಿಂಪಡೆತದ ದುರಸ್ತಿಗೆ ಹಣ ನೀಡಬೇಕೇ?
ಉತ್ತರ: ಇಲ್ಲ. ಹಿಂಪಡೆತಕ್ಕೆ ಕಾರಣವಾದ ದೋಷವನ್ನು ತಯಾರಕರ ವೆಚ್ಚದಲ್ಲಿಯೇ ಸರಿಪಡಿಸಲಾಗುತ್ತದೆ. ಅದರೊಂದಿಗೆ ಮಾಲೀಕರು ಕೇಳಿ ಮಾಡಿಸುವ ಇತರ ಕೆಲಸಗಳಿಗೆ ಮಾತ್ರ ಹಣ ನೀಡಬೇಕಾಗುತ್ತದೆ.

ಪ್ರಶ್ನೆ: ವಾಹನ ಚೆನ್ನಾಗಿ ಓಡುತ್ತಿದೆ. ಆದರೂ ಕೊಂಡೊಯ್ಯಬೇಕೇ?
ಉತ್ತರ: ಹೌದು. ಎಕ್ಸ್‌ಪ್ಲೋರರ್ ಪ್ರಕರಣದಲ್ಲಿ ಟೈರುಗಳು ಕಳಚುವ ದಿನದವರೆಗೂ ಚೆನ್ನಾಗಿಯೇ ಓಡುತ್ತಿದ್ದವು. ಹೊರಗೆ ಕಾಣದ ದೋಷಕ್ಕಾಗಿಯೇ ಹಿಂಪಡೆತ ನಡೆಯುವುದು.

ಪ್ರಶ್ನೆ: ಒಬ್ಬರ ದೂರಿನಿಂದ ಪ್ರಯೋಜನವಿದೆಯೇ?
ಉತ್ತರ: ಇದೆ. ಒಂದು ದೂರಿನಿಂದ ಹಿಂಪಡೆತ ಆಗದಿರಬಹುದು. ಆದರೆ ದೋಷವಿದೆಯೆಂದು ನಿರ್ಧರಿಸಲು ಬೇಕಾದ ಸಂಖ್ಯೆ ಕೂಡುವುದು ಒಂದೊಂದೇ ದೂರಿನಿಂದ.

ಪ್ರಶ್ನೆ: ಡೀಲರ್ ಸ್ಪಂದಿಸದಿದ್ದರೆ ಏನು ಮಾಡಬೇಕು?
ಉತ್ತರ: ತಯಾರಕರಿಗೆ ಲಿಖಿತವಾಗಿ ದೂರು ನೀಡಿ ಸ್ವೀಕೃತಿ ಪಡೆಯಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಗ್ರಾಹಕ ಸಂರಕ್ಷಣಾ ಕಾಯಿದೆ, 2019ರ ಅಡಿಯಲ್ಲಿ ದೋಷಯುಕ್ತ ಉತ್ಪನ್ನದಿಂದ ಉಂಟಾದ ಹಾನಿಗೆ ತಯಾರಕರು ಹೊಣೆಗಾರರಾಗುತ್ತಾರೆ. ಪರಿಹಾರಕ್ಕಾಗಿ ಜಿಲ್ಲಾ ಗ್ರಾಹಕ ಆಯೋಗವನ್ನು ಸಂಪರ್ಕಿಸಬಹುದು.

ಸಾರಾಂಶ

ಎಕ್ಸ್‌ಪ್ಲೋರರ್ ಪ್ರಕರಣದಲ್ಲಿ ಮಾಹಿತಿಯ ಕೊರತೆ ಇರಲಿಲ್ಲ. ಮಾಹಿತಿಯು ಒಂದೆಡೆ ಸೇರದಿದ್ದುದು ಹಾನಿಗೆ ಕಾರಣವಾಯಿತು. ಇಂದು ದೂರು ದಾಖಲಿಸುವ ಮತ್ತು ಹಿಂಪಡೆಯುವ ವ್ಯವಸ್ಥೆ ಕಾನೂನಿನಲ್ಲಿದೆ. ದೋಷ ಕಂಡವರು ದೂರು ದಾಖಲಿಸಿದಾಗ ಮತ್ತು ಹಿಂಪಡೆತದ ಸೂಚನೆ ಬಂದವರು ವಾಹನವನ್ನು ವಿಳಂಬವಿಲ್ಲದೆ ಸರ್ವಿಸ್ ಕೇಂದ್ರಕ್ಕೆ ಕೊಂಡೊಯ್ದಾಗ ಮಾತ್ರ ಆ ವ್ಯವಸ್ಥೆಯಿಂದ ಜೀವಗಳು ಉಳಿಯುತ್ತವೆ.